ಮೂಲಿ ಹರಿದ ಕಾರ್ಡು

ಹ್ವಾದ ತಿಂಗಳು ನನ್ನ ಹೆಸರಿಗೆ ಒಂದು ಕಾರ್ಡು ಬಂತು. ಈಗಿನ ಕಾಲದಾಗ ಕಾರ್ಡು ಯಾರು ಬರೀತಾರ? ಮೊಮ್ಮಗಳು ಅದನ್ನ ತಿರುವಿ ಮುರುವಿ ನೋಡಿ, "ಆಯಿ, ಇದರ ಪಾಕೀಟು ಎಲ್ಲಿ ಬಿತ್ತು?" ಅಂತ ಕೇಳಿದ್ಲು. ನಾ ಮೊದಲು ನಾಕೂ ಮೂಲಿ ನೋಡಿದೆ. ಸರಿ ಇದ್ವು. ಆಮ್ಯಾಲ ಓದಿದೆ. ಕಟಕೋಳದಿಂದ ರುದ್ರಪ್ಪಾರು ಪೆನ್ಸಿಲ್‌ಲೆ ಬರದಿದ್ರು: "ಗಂಗವ್ವಾರಿಗೆ ಶರಣು. ನಿಮ್ಮದೊಂದು ವಸ್ತು ನನ್ನ ಹತ್ರ ಉಳದೈತಿ. ಬಂದು ಒಯ್ಯಿರಿ. ನನಗ ಈಗ ಬಸ್ಸು ಹತ್ತಾಕ ಆಗೂದಿಲ್ಲ."

ರುದ್ರಪ್ಪಾರು ಅಂದ್ರ ನಮ್ಮ ನೀಲವ್ವನ ಗಂಡ. ನೀಲವ್ವ ತೀರಿಕೊಂಡು ಆಗ ಎರಡು ತಿಂಗಳಾಗಿತ್ತು. ಆ ಸುದ್ದಿ ಫೋನಿನ್ಯಾಗ ಬಂದಿತ್ತು, ಮಣ್ಣಿಗೆ ಹೋಗಿ ಬಂದಿದ್ದೆ. ಆಕಿ ಹತ್ರ ನಾ ಏನೂ ಬಿಟ್ಟ ನೆನಪಿರಲಿಲ್ಲ. ಯಾವುದಾರ ಹಳೇ ಡಬ್ಬಿ ಇದ್ದೀತು ಅನಕೊಂಡು, ಯರಗಟ್ಟಿಯೊಳಗ ಬಸ್ಸು ಬದಲಿಸಿ ಕಟಕೋಳಕ್ಕ ಹೋದೆ.

ಅವರ ಕಟ್ಟಿ ಮ್ಯಾಲ ಸೊಸಿ ಕುಂತು ಬೀಜದ ಶೇಂಗಾ ಒಡ್ಯಾಕ ಹತ್ತಿದ್ಲು. ಸಿಪ್ಪಿ ಮೆತ್ತಗಾಗಲಿ ಅಂತ ಕಾಯಿಗೆ ನೀರು ಚಿಮುಕಿಸಿದ್ಲು. ಹಸಿ ಸಿಪ್ಪಿ, ಅದಕ್ಕ ಹತ್ತಿದ ಮಣ್ಣು, ಎರಡೂ ಕೂಡಿದ ಆ ವಾಸನಿ ಮೂಗಿಗೆ ಬಡದದ್ದ ತಡ, ನಾ ಅಂಗಳದಾಗ ಹಂಗ ನಿಂತೆ. ಕಾಲು ಕಟಕೋಳದಾಗ ಇದ್ದವು, ಉಳದದ್ದೆಲ್ಲಾ ಬೈಲಹೊಂಗಲದ ನಮ್ಮ ಕಟ್ಟಿಗೆ, ಆ ಒಂದು ಬ್ಯಾಸಗಿಗೆ ಹೋತು.

ತೊಂಬತ್ತನಾಕೋ, ತೊಂಬತ್ತೈದೋ. ನಮ್ಮ ಹಿತ್ತಲ ಖೋಲಿಯೊಳಗ ನೀಲವ್ವ ಬಾಡಿಗಿಲೆ ಇದ್ಲು. ಮೊದಲಿನ ಗಂಡ ಸತ್ತು ಇಪ್ಪತ್ತು ವರ್ಷಾಗಿತ್ತು, ಮಕ್ಕಳಿಲ್ಲ. ನನಗಿಂತ ಎರಡು ವರ್ಷಕ್ಕ ದೊಡ್ಡಾಕಿ. ಅರವತ್ತರ ಹೊಸ್ತಿಲದಾಗ ಇದ್ಲು. ನಾನೂ ಗಂಡ ಸತ್ತಾಕಿನ, ಆದ್ರ ನನ್ನ ಮನಿ ತುಂಬ ಮಂದಿ ಇದ್ರು. ಮಗ, ಸೊಸಿ, ಮೊಮ್ಮಕ್ಕಳು. ಅವರು ನನ್ನ ಹತ್ರ ಬರತಿದ್ದದ್ದು ಕೀಲಿಕೈ ಎಲ್ಲೈತಿ, ಉಪ್ಪಿನಕಾಯಿಗೆ ಉಪ್ಪು ಎಷ್ಟು ಅಂತ ಕೇಳಾಕ. ಮಾತಾಡಾಕ ಬರತಿದ್ದಾಕಿ ನೀಲವ್ವ ಒಬ್ಬಾಕಿ. ಹನ್ನೊಂದು ವರ್ಷ ಮಧ್ಯಾಹ್ನ ಅಂದ್ರ ನಾವಿಬ್ಬರು, ಕಟ್ಟಿ, ಮತ್ತ ಮಂದಿ ಒಡ್ಯಾಕ ಕೊಟ್ಟ ಶೇಂಗಾ ಚೀಲ. ಯುಗಾದಿಯಿಂದ ಕಾರಹುಣ್ಣಿವಿ ತನಕ ಹೆಬ್ಬಟ್ಟು ಸುಲದು ಹೋಗೂ ಹಂಗ ಒಡೀತಿದ್ವಿ.

ಆಕಿಗೆ ಅಕ್ಷರ ಬರತಿರಲಿಲ್ಲ. ನಾ ಮೂರನೇ ಇಯತ್ತೆ ತನಕ ಸಾಲಿ ಕಲ್ತಾಕಿ. ಹಂಗಾಗಿ ಆಕಿ ಕಾರ್ಡೆಲ್ಲಾ ನಾನ ಬರೀತಿದ್ದೆ, ಬಂದದ್ದು ನಾನ ಓದತಿದ್ದೆ. ಆಕಿಗೆ ಬರಿಯೂದಾದ್ರೂ ಯಾರಿಗೆ? ಕಟಕೋಳದಾಗ ಆಕಿ ತವರೂರ ಗೆಳತಿ ಬಸವ್ವ ಅಂತ ಇದ್ಲು, ಆಕಿಗೆ. ಆ ಬಸವ್ವನ ಗಂಡನ ಈ ರುದ್ರಪ್ಪ. ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿ, ಅದರ ಸಪ್ಪಳಕ್ಕ ಎರಡೂ ಕಿವಿ ಕಳಕೊಂಡಾಂವ. ನಾ ಅವರ ಮಾರಿ ಕಂಡಿರಲಿಲ್ಲ, ಅಕ್ಷರ ಅಷ್ಟ ಕಂಡಿದ್ದೆ.

ಹಿಂದಿನ ದೀಪಾವಳಿ ಮುಗದ ಮ್ಯಾಲ ಕಟಕೋಳದಿಂದ ಮೂಲಿ ಹರಿದ ಕಾರ್ಡು ಬಂತು. ಈಗಿನ ಹುಡುಗರಿಗೆ ಇದು ಗೊತ್ತಿಲ್ಲ. ಸತ್ತ ಸುದ್ದಿ ಬರದ ಕಾರ್ಡಿನ ಒಂದು ಮೂಲಿ ಹರದು ಡಬ್ಬಿಗೆ ಹಾಕತಿದ್ರು. ಓದಾಕ ಬರಲಾರದವರಿಗೂ ಕೈಯಾಗ ಹಿಡಿದ ಕೂಡಲೇ ತಿಳೀತಿತ್ತು. ಅಂಥಾ ಕಾರ್ಡು ಮನಿ ಒಳಗ ಒಯ್ಯಂಗಿಲ್ಲ. ಹೊಸ್ತಿಲ ಹೊರಗ ನಿಂತು ಓದಿ, ಅಲ್ಲೇ ಹರದು ಒಗದು, ತಲಿ ಮ್ಯಾಲ ನೀರು ಹಾಕ್ಕೊಂಡು ಒಳಗ ಬರಬೇಕು. ನಮ್ಮ ಲಿಂಗಾಯತರೊಳಗ ಸೂತಕ ಇಲ್ಲ ಅಂತ ಸ್ವಾಮಿಗೋಳು ಹೇಳತಾರ. ಹೇಳಲಿ. ನೀರು ಹಾಕ್ಕೊಳ್ಳಲಾರದ ನನಗಂತೂ ತುತ್ತು ಇಳಿಯೂದಿಲ್ಲ. ಬಸವ್ವ ಹ್ವಾದ ಸುದ್ದಿ ಹಂಗ ಹೊಸ್ತಿಲದಾಗ ಓದಿದೆ, ಹರದು ಒಗದೆ. ಇಬ್ಬರೂ ನೀರು ಹಾಕ್ಕೊಂಡ್ವಿ. ನೀಲವ್ವ ಎರಡು ದಿನ ಶೇಂಗಾ ಮುಟ್ಟಲಿಲ್ಲ.

ಅಲ್ಲಿಗೆ ಕಾರ್ಡು ನಿಲ್ಲಬೇಕಾಗಿತ್ತು. ನಿಲ್ಲಲಿಲ್ಲ. ರುದ್ರಪ್ಪಾರು ಬರದ್ರು, ಬಸವ್ವನ ಸೀರಿ ಒಂದು ನಿಮಗ ಅಂತ ತಗದು ಇಟ್ಟೇನಿ ಅಂತ. ಈಕಿ ಉತ್ತರ ಬರಸಿದ್ಲು. ಅವರು ಮತ್ತ ಬರದ್ರು. ಏನು ಇರತಿತ್ತು ಅದರಾಗ? ಗಿರಣಿ ಪಟ್ಟಾ ಹರೀತು. ಬಿಸಲು ಭಾಳ ಐತಿ. ನಿಮ್ಮ ಮೊಣಕಾಲಿಗೆ ಎಕ್ಕಿ ಎಲಿ ಕಾಯಿಸಿ ಕಟ್ಟರಿ. ಈಕೀದೂ ಹಂಗ: ಇಲ್ಲಿ ಒಂದು ಹನಿ ಬಿದ್ದಿಲ್ಲ, ಎಲಿ ಕಟ್ಟೇನಿ, ಸ್ವಲ್ಪ ಹಗುರ ಐತಿ, ನಿಮ್ಮ ಎಮ್ಮಿ ಗಬ್ಬ ನಿಂತತೇನು. ಇದರಾಗ ಹೆದರೂದು ಏನೈತಿ ಅಂತ ನಾ ನಕ್ಕೋತ ಬರೀತಿದ್ದೆ. ಹದಿನೈದು ದಿನಕ್ಕ ಒಂದು ಹೋಗೂದು ವಾರಕ್ಕೊಂದು ಆತು. ಆಗಾದರೂ ನನಗ ತಿಳೀಬೇಕಿತ್ತು. ತಿಳೀಲಿಲ್ಲ. ಮೂರನೇ ಇಯತ್ತೆ ಬುದ್ಧಿ.

ಯುಗಾದಿ ದಾಟಿ ಬಿಸಲು ಏರಿದ ಹೊತ್ತು. ಪೋಸ್ಟಿನ ದಸ್ತಗೀರಸಾಬ ಕಾರ್ಡು ಕೊಡೂ ಮುಂದ ನೀಲವ್ವನ ಕಡೆ ನೋಡಿ ಗಡ್ಡದಾಗ ನಕ್ಕಂಗಾತು. "ಯಾಕೋ ದಸ್ತಗೀರ?" ಅಂದೆ. "ಏನಿಲ್ಲರಿ ಅವ್ವಾರ, ನೀವ ಓದಿ ಹೇಳ್ರಿ," ಅಂದು ಸೈಕಲ್ ಹತ್ತಿ ಹ್ವಾದ. ನಾ ದೊಡ್ಡ ದನಿಲೆ ಓದಾಕ ಚಾಲೂ ಮಾಡಿದೆ:

"ನೀಲವ್ವಾರಿಗೆ ರುದ್ರಪ್ಪನ ಶರಣು. ಇತ್ತ ಕ್ಷೇಮ. ಮಗಾ ಸೊಸಿಗೆ ಹೇಳೇನಿ, ಹೂಂ ಅಂದಾರ. ಕಾರಹುಣ್ಣಿವಿ ಮುಂಚೆ ಐನಾರನ್ನ ಕರಸಿ ನಾವಿಬ್ಬರು ಉಡಿಕಿ ಆಗೂದು ಅಂತ ನನ್ನ ವಿಚಾರ. ನನಗ ಕೇಳಸೂದಿಲ್ಲ, ನಿಮಗ ಓದಾಕ ಬರೂದಿಲ್ಲ. ಹೆಂಗೋ ನಡೀತೈತಿ. ಒಲ್ಲೆ ಅಂದ್ರ ಒಲ್ಲೆ ಅಂತ ಬರಸರಿ, ನನಗ ಸಿಟ್ಟಿಲ್ಲ. ಎಮ್ಮಿ ಕರ ಹಾಕೈತಿ, ಹೆಣ್ಣಗರ."

ಬಾಯಾಗಿನ ಎಲಿ ಅಡಕಿ ಮಡಿಲಿಗೆ ಬಿತ್ತು. ಗಂಡ ಸತ್ತಾಕಿ ಇನ್ನೊಬ್ಬನ ಕೂಡ ಉಡಿಕಿ ಆಗೂದು ನಮ್ಮ ಕಡೆ ಇಲ್ಲಂತಲ್ಲ. ಆದ್ರ ಅದು ಇಪ್ಪತ್ತರಾಕಿ, ಮೂವತ್ತರಾಕಿ ಮಾಡೂ ಕೆಲಸ. ಹಲ್ಲು ಬಿದ್ದಾಕಿಗೆ ಉಡಿಕಿ! ಅದೂ ಬಯಲು ಕಾರ್ಡಿನ ಮ್ಯಾಲ! ಕಟಕೋಳದ ಪೋಸ್ಟಿನಾಂವ ಓದಿರತಾನ, ಬೈಲಹೊಂಗಲದಾಗ ಶಿಕ್ಕಾ ಹೊಡಿಯಾಂವ ಓದಿರತಾನ, ದಸ್ತಗೀರ ಅಂತೂ ಓದ್ಯಾನ. ತಲಿ ಎತ್ತಿ ನೀಲವ್ವನ್ನ ನೋಡಿದೆ. ಆಕಿ ಕಾಯಿ ಒಡಿಯೂದು ಬಿಟ್ಟಿರಲಿಲ್ಲ.

"ಹೆಣ್ಣಗರ ಅಂದಿ ಏನು?" ಅಂತ ಕೇಳಿದ್ಲು.

ನನಗ ಎಲ್ಲಿಲ್ಲದ ಸಿಟ್ಟು ಬಂತು. "ಕರದ ಮಾತು ಕೇಳಾಕತ್ತಿಯಲ್ಲ, ನಿನಗ ನಾಚಿಕಿ ಐತೇನು? ನಾಕು ಮಂದಿ ಹೊರೂ ವಯಸ್ಸಿನ್ಯಾಗ ನಿನ್ನ ಯಾರು ಮೆರವಣಿಗಿ ಮಾಡಬೇಕು?"

"ನಾ ಏನರ ಅಂದೆನೇನು? ಅವರು ಕೇಳ್ಯಾರ."

"ಕೇಳಾಕ ಅಂವಗ ಧೈರ್ಯ ಎಲ್ಲಿಂದ ಬಂತು? ನೀ ಎಮ್ಮಿ ಗಬ್ಬ ಕೇಳಿ ಕೇಳಿ ಕೊಟ್ಟಿದ್ದು!"

"ಬರದಾಕಿ ನೀನವ್ವಾ," ಅಂದ್ಲು. ತಣ್ಣಗ.

ಅವತ್ತಿಂದ ನಾಕು ದಿನ ನಾ ಆಕಿನ್ನ ಬಿಡಲಿಲ್ಲ. ಓಣಿ ಮಂದಿ ಉಗಳತಾರ ಅಂದೆ. ಸೊಸಿ ಆದಾಕಿ ನಿನ್ನ ಒಲಿ ಮುಂದ ಕೂಡಸತಾಳ ಅಂದೆ. ಕಿವುಡಗ ಒದರಿ ಒದರಿ ಗಂಟಲ ಹರೀತೈತಿ ಅಂದೆ. ಅಂವ ನಾಳೆ ಹಾಸಗಿ ಹಿಡದ್ರ ಹೇಲು ಉಚ್ಚಿ ಬಳಿಯಾಕ ಹೊಂಟಿ ಅಂದೆ. ಎಲ್ಲಾ ಅಂದೆ. ಒಂದು ಮಾತು ಅಷ್ಟ ಅನ್ನಲಿಲ್ಲ: ನೀ ಹ್ವಾದ್ರ ಮಧ್ಯಾಹ್ನ ನಾ ಯಾರ ಕೂಡ ಕುಂಡ್ರಲಿ ಅಂತ. ಅದನ್ನ ಅಂದಿದ್ರ ಖರೇ ಮಾತು ಆಗತಿತ್ತು. ಅದಕ್ಕ ಅನ್ನಲಿಲ್ಲ.

ಐದನೇ ದಿನ ನೀಲವ್ವ ಊಟ ಮುಗಿಸಿ ಬಂದು ಕುಂತು, "ಬರಿ," ಅಂದ್ಲು. "ಬರೂದಿಲ್ಲ ಅಂತ ಬರಿ. ನಿನ್ನ ಮಾತ ಖರೇ. ಮಂದಿ ನಗತಾರ."

ಒಂದು ಕಾರ್ಡು ಬರಿಯಾಕ ನನಗ ಅರ್ಧಾ ಮಧ್ಯಾಹ್ನ ಬೇಕಾಗತಿತ್ತು. ಅವತ್ತು ಕೈ ಓಡಿತು. "ನೀಲವ್ವ ಒಲ್ಲೆ ಅಂತಾಳ. ಬರೂದಿಲ್ಲ. ಸಿಟ್ಟು ಮಾಡಬ್ಯಾಡ್ರಿ." ಶಾಯಿ ಆರಲಿ ಅಂತ ಕಾರ್ಡನ್ನ ಕಟ್ಟಿ ಮ್ಯಾಲ ಇಟ್ಟು ನೀರು ಕುಡ್ಯಾಕ ಒಳಗ ಹೋದೆ. ನೀಲವ್ವನೂ ತನ್ನ ಖೋಲಿಗೆ ಹೋಗಿದ್ಲು. ತಿರುಗಿ ಬರೂದರಾಗ ನಮ್ಮ ಆಡು ಹಗ್ಗ ಎಳದು ಬಂದು ಕಾರ್ಡಿನ ಒಂದು ಮೂಲಿ ತಿಂದು ನಿಂತಿತ್ತು. ಮ್ಯಾಲಿನ ಬಲಗಡೆ ಮೂಲಿ. ಹರಿಯೂ ಮಂದಿ ಹರೀತಿದ್ದದ್ದೂ ಅದ.

ಬ್ಯಾರೆ ಕಾರ್ಡು ತರಬಹುದಿತ್ತು. ಪೋಸ್ಟಾಪೀಸು ಎರಡು ಓಣಿ ದಾಟಿದ್ರ ಐತಿ. ಆದ್ರ ಬ್ಯಾರೆ ಕಾರ್ಡು ಬರಿಯೂದು ಅಂದ್ರ ನೀಲವ್ವನ ಬಾಯಿಂದ ಮತ್ತೊಮ್ಮೆ ಹೇಳಸಬೇಕು. ಎರಡನೇ ಸಲ ಆಕಿ ಒಲ್ಲೆ ಅಂತಾಳಂತ ನನಗ ಭರವಸಿ ಇರಲಿಲ್ಲ. ಅಷ್ಟರಾಗ ದಸ್ತಗೀರನ ಸೈಕಲ್ ಗಂಟಿ ಕೇಳಿತು. ಕೊಟ್ಟಬಿಟ್ಟೆ.

ಅಂವ ಕಾರ್ಡು ನೋಡಿದ, ನನ್ನ ಮಾರಿ ನೋಡಿದ. "ಅವ್ವಾರ, ಮೂಲಿ ಹರದೈತಲ್ರಿ. ಯಾರು ಹ್ವಾದ್ರು?"

"ಯಾರೂ ಹೋಗಿಲ್ಲ. ಆಡು ತಿಂದೈತಿ. ಒಯ್ಯಿ."

"ಒಯ್ದರ ಒಯ್ತೇನ್ರಿ. ಅಲ್ಲಿ ತಗೊಳ್ಳಾಂವ ಎದಿ ಒಡಕೊಂಡಾನು."

"ಅಂವಗ ಓದಾಕ ಬರತೈತಿ. ನಿನಗ್ಯಾಕ ಚಿಂತಿ?"

ಮುಂದಿನ ವಾರ. ಬಿಸಲು ಹೆಂಗಿತ್ತಂದ್ರ ಕಟ್ಟಿ ಕಲ್ಲು ಕಾದು ಗೋಣಿ ತಟ್ಟು ಹಾಸದ ಕುಂಡ್ರಾಕ ಆಗತಿರಲಿಲ್ಲ. ಇಬ್ಬರೂ ಶೇಂಗಾ ಒಡ್ಯಾಕ ಹತ್ತಿದ್ವಿ. ಮಾತು ಕಡಿಮಿ ಆಗಿತ್ತು. ಓಣಿ ತುದಿಗೆ ಗಂಡಸು ಒದರಿ ಅಳೂ ದನಿ ಕೇಳಿತು. ಕಿವಿ ಕೇಳಸಲಾರದವರು ಅತ್ರ ಹೆಂಗಿರತೈತಿ ಗೊತ್ತೇನು? ತಮ್ಮ ದನಿ ತಮಗ ತಿಳಿಯೂದಿಲ್ಲ. ಬಾಗಲಕ್ಕೊಬ್ಬರು ಹೊರಗ ಬಂದ್ರು. ಒಬ್ಬಾಂವ ಮುದುಕ, ಧೋತರ ಉಟ್ಟಾಂವ, ತಲಿ ಮ್ಯಾಲ ಹಸಿ ಟಾವೆಲ್ ಹಾಕ್ಕೊಂಡು, ಅದರ ನೀರು ಅಂಗಿ ಮ್ಯಾಲ ಸೋರಾಕ ಹತ್ತಿತ್ತು, "ನೀಲವ್ವಾ, ಉತ್ತರ ಕೊಡಲಾರದ ಹ್ವಾದ್ಯಲ್ಲವ್ವಾ!" ಅಂತ ನಮ್ಮ ಕಟ್ಟಿ ಕಡೆಗೆ ಬಂದ.

ಆಡು ತಿಂದ ಮೂಲಿ ಕಣ್ಣ ಮುಂದ ಬಂತು.

ನೀಲವ್ವ ಎದ್ದು ನಿಂತ್ಲು. ಮಡಿಲಾಗಿನ ಶೇಂಗಾ ಎಲ್ಲಾ ಓಣಿಗೆ ಚೆಲ್ಲಿತು. "ಯಾರು ಸತ್ತಾರ್ರಿ?" ಅಂದ್ಲು.

"ಆಂ?"

"ಯಾರು ಸತ್ತಾರ ಅಂತೇನಿ!"

ಮುದುಕ ಆಕಿ ಮಾರಿ ನೋಡಿದ. ಬಾಯಿ ತೆರದದ್ದು ತೆರದಂಗ ಇತ್ತು. "ನೀ!" ಅಂದ.

ರುದ್ರಪ್ಪಾರು ಕಟ್ಟಿ ಮ್ಯಾಲ ಕುಸದು ಕುಂತು ಹೇಳಿದ್ರು. ಕಾರ್ಡು ಬಂತು. ಬೈಲಹೊಂಗಲದ ಶಿಕ್ಕಾ. ಅಕ್ಷರ ಗಂಗವ್ವಾರದು. ಮೂಲಿ ಹರದೈತಿ. ಬೈಲಹೊಂಗಲದಾಗ ತಮಗ ಇನ್ಯಾರು ಅದಾರ? ಓದಬೇಕಂದ್ರ ಕನ್ನಡಕ ಒಳಗ. ಅಂಥಾ ಕಾರ್ಡು ಹಿಡಕೊಂಡು ಒಳಗ ಹೋಗಂಗಿಲ್ಲ. ಅಲ್ಲೇ ಹರದು ಗಟಾರಕ್ಕ ಒಗದು, ನೀರು ಹಾಕ್ಕೊಂಡು ಬಸ್ಸು ಹತ್ತಿದೆ ಅಂತ. ಹೇಳಿ, ಮಾರಿ ಒರಸಿಕೊಂಡು, ಕಡೀಕ ಕೇಳಿದ್ರು:

"ಮತ್ತ ಅದರಾಗ ಏನು ಬರದಿತ್ತು?"

ಸತ್ತ ಸುದ್ದಿಗಿಂತ ದೊಡ್ಡ ಸುದ್ದಿ ಬರೂದೈತಿ ಅಂತ ಓಣಿಗೆ ವಾಸನಿ ಹತ್ತಿತು. ಎಲ್ಲಾರೂ ಒಂದು ಹೆಜ್ಜಿ ಮುಂದ ಬಂದ್ರು. ನೀಲವ್ವ ಸೆರಗು ಸರಿ ಮಾಡಿಕೊಂಡು, ಮದುವಿ ಮನಿಯೊಳಗ ಗಂಡನ ಹೆಸರು ಹೇಳೂ ಹಂಗ ಹೇಳಿದ್ಲು:

"ಬರತೇನಿ ಅಂತ ಬರಸಿದ್ದೆ. ಬೇಕಾದ್ರ ಬರದಾಕಿನ್ನ ಕೇಳ್ರಿ."

ಹಾಡಹಗಲ ಸುಳ್ಳು. ಸಾಕ್ಷಿಗೆ ನಾನು. ನನ್ನ ಜೀವಮಾನದಾಗ ಯಾರೂ ನನ್ನ ಹಂಗ ಸಿಗಿಸಿಲ್ಲ. ಆಕಿ ನನ್ನ ಕಡೆ ನೋಡಲೂ ಇಲ್ಲ. ಬಗ್ಗಿ ಶೇಂಗಾ ಆರಸಾಕ ಹತ್ತಿದ್ಲು. ರುದ್ರಪ್ಪಾರು ಅಂಗೈ ಕಿವಿಗೆ ಹಚ್ಚಿ ನನ್ನ ಕಡೆ ಬಾಗಿದ್ರು.

ಒಂದು ಮಾತು ಸಾಕಿತ್ತು. ಇಲ್ಲರಿ, ಒಲ್ಲೆ ಅಂತ ಬರದಿತ್ತು ಅಂದಿದ್ರ ಮುದುಕ ಟಾವೆಲ್ ಹಿಂಡಿಕೊಂಡು ತಿರುಗಿ ಹೋಗತಿದ್ದ. ಮಧ್ಯಾಹ್ನ ನನಗ ಉಳೀತಿದ್ವು. ಬಾಯಿ ತೆರದೂ ತೆರದೆ. ಆಗ ಒಂದು ವಿಚಾರ ಬಂತು: ನಾಳೆ ನನ್ನ ಹೆಸರಿನ ಮೂಲಿ ಹರಿದ ಕಾರ್ಡು ಹ್ವಾದ್ರ, ಓದಲಾರದ, ಈ ಬಿಸಲಾಗ, ಎರಡು ಬಸ್ಸು ಬದಲಿಸಿ ಅಳಕೋತ ಯಾರು ಬರತಾರ? ಒಬ್ಬರ ಹೆಸರೂ ನೆನಪಾಗಲಿಲ್ಲ. ಬರೂ ಒಬ್ಬಾಕಿ ಇಲ್ಲೇ ನನ್ನ ಕಾಲಬುಡಕ್ಕ ಶೇಂಗಾ ಆರಸಾಕ ಹತ್ತಿದ್ಲು.

"ಹೌದ್ರಿ!" ಅಂತ ಒದರಿದೆ. "ಬರತೇನಿ ಅಂತ ಬರದಿತ್ತು!"

ಕೆರಿ ದಂಡಿ ತನಕ ಕೇಳಿರಬೇಕು.

ಕಾರಹುಣ್ಣಿವಿ ಮುಂಚೆ ನೀಲವ್ವ ಹ್ವಾದ್ಲು. ಗಂಟು ಕಟ್ಟೂ ಮುಂದ ಒಂದ ಮಾತು ಕೇಳಿದ್ಲು. "ಆ ಮೂಲಿ ನೋಡಿ ಕೊಟ್ಟೆಯೋ, ನೋಡಲಾರದ ಕೊಟ್ಟೆಯೋ?"

"ನೋಡೇ ಕೊಟ್ಟೆ."

"ಚಲೋ ಆತು ಬಿಡು," ಅಂದ್ಲು. ಬೈಲಿಲ್ಲ. ಬೈದಿದ್ರ ಹಗುರ ಆಗತಿತ್ತು.

ಕಟಕೋಳದಿಂದ ಮೊದಲನೇ ಕಾರ್ಡು ಪೆನ್ಸಿಲ್‌ನ್ಯಾಗ ಬಂತು. ಅಕ್ಷರ ಅವರದು, ಮಾತು ಆಕೀದು. "ಗಂಗವ್ವಾ, ಮೊದಲು ನಾಕೂ ಮೂಲಿ ಎಣಿಸಿಕೋ. ಆಮ್ಯಾಲ ಓದು." ಮುಂದ ಎಲ್ಲಾ ಕಾರ್ಡಿನ ಮೊದಲನೇ ಸಾಲು ಇದ ಆತು. ನಾನೂ ಬರದೆ. ಮಧ್ಯಾಹ್ನ ಅನ್ನೂದನ್ನ ಮದ್ಯಾನ, ಮಧ್ಯಾಣ, ಹೆಂಗ ಬಂತೋ ಹಂಗ ಬರದೆ. ಎಮ್ಮಿ, ಮೊಣಕಾಲು, ಮಳಿ. ಮುಂದ ಫೋನು ಬಂದು ಕಾರ್ಡು ನಿಂತ್ವು. ಕಿವುಡನ ಕೂಡ ಬಾಳೇ ಮಾಡಿ ಆಕಿ ಫೋನಿನ್ಯಾಗೂ ಒದರತಿದ್ಲು. ನಾ ಅದನ್ನ ಕಿವಿಯಿಂದ ಒಂದು ಮೊಳ ದೂರ ಹಿಡಕೊಂಡು ಕೇಳತಿದ್ದೆ. ಹದಿಮೂರು ವರ್ಷ ಬಾಳೇ ಮಾಡಿದ್ಲು. ನಾ ಒದರಿದ ಒಂದು "ಹೌದ್ರಿ" ಆಕಿಗೆ ಇಷ್ಟು ಕೊಟ್ಟಿತು ಅಂತ ನನಗ ಒಳಗ ಸ್ವಲ್ಪ ಗರ್ವ ಇತ್ತು. ಸುಳ್ಳು ಯಾಕ ಹೇಳಲಿ.

"ಅಲ್ಲೇ ಯಾಕ ನಿಂತ್ರಿ ಅಕ್ಕಾರ, ಬರ್ರಿ, ಕುಂಡ್ರಿ," ಅಂತ ರುದ್ರಪ್ಪಾರು ಕರದ್ರು. ಕಟಕೋಳದ ಅಂಗಳಕ್ಕ ತಿರುಗಿ ಬಂದೆ. ಮುದುಕ ಭಾಳ ಇಳದಿದ್ರು. ತೊಡಿ ಮ್ಯಾಲ ಬಿಸ್ಕೀಟಿನ ತಗಡಿನ ಡಬ್ಬಿ ಇತ್ತು. ಅದರಾಗ ನನ್ನ ಕಾರ್ಡೆಲ್ಲಾ ದಾರ ಕಟ್ಟಿ ಇಟ್ಟಿದ್ರು. ಎಲ್ಲಾದರ ಬುಡದಾಗಿಂದ ಒಂದು ಎಳದು ನನ್ನ ಕೈಯಾಗ ಇಟ್ರು. ಮಾಸಿದ ಕಾರ್ಡು. ಮ್ಯಾಲಿನ ಬಲಗಡೆ ಮೂಲಿ ಇಲ್ಲ. ಹರದ ಹಂಗ ಇರಲಿಲ್ಲ ಅದು, ಕಡದ ಹಂಗ ಇತ್ತು; ಹಲ್ಲಿನ ಗುರ್ತು ಕಾಣತಿತ್ತು. ನನ್ನ ಅಕ್ಷರ. "ನೀಲವ್ವ ಒಲ್ಲೆ ಅಂತಾಳ. ಬರೂದಿಲ್ಲ."

"ಹರದು ಗಟಾರಕ್ಕ ಒಗದೇನಿ ಅಂದಿದ್ರಿ!" ಅಂತ ಒದರಿದೆ.

"ಸಾವಕಾಶ ಮಾತಾಡ್ರಿ. ಕಿವಿಗೆ ಮಿಷನ್ ಹಾಕ್ಕೊಂಡೇನಿ."

"ಓದಿದ್ರೇನು ನೀವು?"

"ಕನ್ನಡಕ ಕಿಸೇದಾಗ ಇತ್ತರಿ. ಎರಡು ಸಲ ಓದಿದೆ."

"ಓದಿ? ಓದಿ ಮತ್ತ ಬಂದ್ರಿ? ಹಂಗ ಒದರಿ ಅಳಕೋತ?"

"ಒಲ್ಲೆ ಅಂದಾಕಿ ಮನಿಗೆ ಏನಂತ ಹೋಗೂದ್ರಿ ಅಕ್ಕಾರ? ಸತ್ತಾರಂದ್ರ ಕರೀಲಾರದ ಹೋಗಬಹುದು, ಯಾರೂ ಯಾಕ ಬಂದಿ ಅನ್ನೂದಿಲ್ಲ. ಮೂಲಿ ಹರದದ್ದು ನೋಡಿದೆ. ಇದೊಂದು ದಾರಿ ಐತಲ್ಲಾ ಅನಿಸಿತು."

ಆಗ ನನಗ ಟಾವೆಲ್ ನೆನಪಾತು. ಆ ಬಿಸಲು, ಕಟಕೋಳದಿಂದ ಎರಡು ಬಸ್ಸು, ಎರಡು ತಾಸಿನ ಹಾದಿ. ನಮ್ಮ ಕಟ್ಟಿಗೆ ಬಂದಾಗ ಟಾವೆಲ್ ಸೋರಾಕ ಹತ್ತಿತ್ತು! ಇಷ್ಟು ವರ್ಷ ಆ ನೀರು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

"ಟಾವೆಲ್?"

"ನಿಮ್ಮೂರ ಬಸ್ ಸ್ಟ್ಯಾಂಡಿನ ನಳದಾಗ ತೋಯಿಸಿದೆ."

"ಮತ್ತ ಅಳು?"

ಮುದುಕ ದಾರದ ಗಂಟು ಬಿಗಿ ಮಾಡಿದ್ರು. "ಅದನ್ನೂ ನಾಟಕ ಮಾಡೂದು ಅಂತ ಬಸ್ಸು ಹತ್ತಿದ್ದೆ. ನಿಮ್ಮ ಓಣಿ ಹೊಕ್ಕ ಮ್ಯಾಲ ಖರೇನ ಬಂತು."

ನಾವಿಬ್ಬರು ಅವರಿಗೆ ಸುಳ್ಳು ಹೇಳೂ ಮುಂದ, ಖರೇ ಏನಂತ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಅಂಗೈ ಕಿವಿಗೆ ಹಚ್ಚಿ ಬಾಗಿದ್ರು. "ನೀಲವ್ವಗ ಈ ನಿಮ್ಮ ಆಟ ಗೊತ್ತಿತ್ತೇನು?" ಅಂತ ಕೇಳಿದೆ.

"ಬಂದ ಎಂಟು ದಿನಕ್ಕ ಟ್ರಂಕ್ ಝಾಡಿಸೂ ಮುಂದ ಆಕಿಗೆ ಸಿಕ್ಕಿತು. ಓದಾಕ ಬರದಿದ್ರೂ ಆಡಿನ ಹಲ್ಲಿನ ಗುರ್ತು ಹಿಡದ್ಲು. ಅವತ್ತು ನಕ್ಕಳು ನೋಡ್ರಿ, ಎಮ್ಮಿ ಹಗ್ಗ ಕಿತ್ತಿತು."

"ನನಗ ಯಾಕ ಹೇಳಲಿಲ್ಲ? ಹದಿಮೂರು ವರ್ಷ!"

ರುದ್ರಪ್ಪಾರು ಡಬ್ಬಿ ಮುಚ್ಚಿದ್ರು. "ನಾ ಬರೀತೇನಿ ಅಂದೆ. ಬ್ಯಾಡಂದ್ಲು. ಗಂಗವ್ವ ತನ್ನ ಸುಳ್ಳಿನಿಂದ ನನ್ನ ಬಾಳೇ ಆತಂತ ತಿಳಕೊಂಡಾಳ, ಆಕಿ ಮಾಡಿದ್ದು ಅದೊಂದ ಪುಣ್ಯೇದ ಕೆಲಸ, ಅದನ್ನ ಯಾಕ ಕಸಗೋತೀರಿ ಅಂದ್ಲು. ನಾ ಹ್ವಾದ ಮ್ಯಾಲ ಬೇಕಾದ್ರ ಕೊಡ್ರಿ, ಮಾರಿ ಹೆಂಗ ಮಾಡತಾಳ ನನಗ ಗೊತ್ತೈತಿ ಅಂದ್ಲು."

ಮಾರಿ ಹೆಂಗಾಗಿತ್ತೋ. ಸೊಸಿ ಶೇಂಗಾ ಬಿಟ್ಟು ನನ್ನನ್ನ ನೋಡಾಕ ಹತ್ತಿದ್ಲು.

ಎದ್ದೆ. ಮೂಲಿ ಹರಿದ ಕಾರ್ಡು ಮನಿಯೊಳಗ ಇಡಬಾರದು. ಹದಿಮೂರು ವರ್ಷ ಇಟ್ಟಿದ್ದ ತಪ್ಪು. ಹೊಸ್ತಿಲ ಹೊರಗ ನಿಂತು ಅದನ್ನ ನಾಕು ತುಂಡು ಮಾಡಿ ಹರದು ಗಟಾರಕ್ಕ ಒಗದೆ. ಅಂಗಳದ ಹಂಡೇದಾಗಿನ ನೀರು ಒಂದು ತಂಬಿಗಿ ತಗೊಂಡು ಸೀರಿ ಮ್ಯಾಲೇ ತಲಿಗೆ ಸುರುವಿಕೊಂಡೆ. ಮಣ್ಣಿನ ದಿನ ಮಂದಿ ಕೂಡ ಮಂದಿ ಆಗಿ ಹಾಕ್ಕೊಂಡಿದ್ದೆ. ಇದು ನಂದು.

"ಅಯ್ಯ, ತೋಯಿಸಿಕೊಂಡ್ರಲ್ಲ," ಅಂತ ರುದ್ರಪ್ಪಾರು ಎದ್ದು ಬಂದ್ರು. "ತಡೀರಿ, ಟಾವೆಲ್ ಕೊಡತೇನಿ."

"ಒಣಗಿದ್ದು ಕೊಡ್ರಿ," ಅಂದೆ.